ಬಾಟಲಿಗೆ ತುಂಬಿದ ಮೇಲಿನ ದಿನಗಳು: ಕ್ರಾಫ್ಟ್ ಬಿಯರ್ ಉದ್ದಿಮೆಯಲ್ಲಿ ತಾಜಾತನದ ಲೆಕ್ಕ

ಯಾವುದೇ ಉತ್ಪನ್ನದ ವೆಚ್ಚಪಟ್ಟಿಯನ್ನು ಗಮನಿಸಿದರೆ ಕಚ್ಚಾ ಸಾಮಗ್ರಿ, ಕೂಲಿ, ವಿದ್ಯುತ್, ಸವಕಳಿ, ಬಡ್ಡಿ, ಸಾಗಣೆ ಮುಂತಾದವುಗಳಿಗೆ ಒಂದೊಂದು ಬಾಬ್ತು ಇರುತ್ತದೆ. ಕಾಲಕ್ಕೆ ಮಾತ್ರ ಪ್ರತ್ಯೇಕ ಬಾಬ್ತು ಇರುವುದಿಲ್ಲ. ಸೀರೆ, ಪಂಪ್‌ಸೆಟ್, ನೆಲದ ಟೈಲ್ಸ್‌ಗಳ ವ್ಯಾಪಾರದಲ್ಲಿ ಇದರಿಂದ ಹೆಚ್ಚಿನ ಬಾಧಕವಿಲ್ಲ. ಗೋದಾಮಿನಲ್ಲಿ ಒಂದು ತಿಂಗಳು ಹೆಚ್ಚು ಕುಳಿತ ಸರಕಿಗೆ ಒಂದು ತಿಂಗಳ ಬಡ್ಡಿ ಹೆಚ್ಚು ಬೀಳುತ್ತದೆ, ಅಷ್ಟೆ. ಆದರೆ ಕೆಲವು ಸರಕುಗಳು ಕುಳಿತಷ್ಟು ದಿನವೂ ತಮ್ಮ ಬೆಲೆಯನ್ನು ತಾವೇ ತಿನ್ನುತ್ತಿರುತ್ತವೆ. ಹಾಲು, ಹೂವು, ಮೀನು ಈ ಸಾಲಿಗೆ ಸೇರಿದವೆಂಬುದು ಎಲ್ಲರಿಗೂ ತಿಳಿದ ವಿಷಯ. ಸಣ್ಣ ಪ್ರಮಾಣದಲ್ಲಿ, ವಿಶಿಷ್ಟ ರುಚಿಗಾಗಿ ತಯಾರಿಸಲಾಗುವ ಕ್ರಾಫ್ಟ್ ಬಿಯರ್ ಕೂಡ ಇದೇ ಸಾಲಿನ ಸರಕು ಎಂಬುದು, ಅದರಲ್ಲಿ ಹಣ ಹೂಡಲು ಹೊರಟಿರುವ ಹಲವರಿಗೆ ಇನ್ನೂ ಮನದಟ್ಟಾದಂತಿಲ್ಲ.

ಬೆಂಗಳೂರಿಗೂ ಬಿಯರ್ ಉದ್ದಿಮೆಗೂ ಇರುವ ನಂಟು ಹಳೆಯದು. ಸ್ಕಾಟ್ಲೆಂಡ್ ಮೂಲದ ಥಾಮಸ್ ಲೀಷ್‌ಮನ್ ಅವರು 1915ರಲ್ಲಿ ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಒಗ್ಗೂಡಿಸಿ ಯುನೈಟೆಡ್ ಬ್ರೂವರೀಸ್ ಸಂಸ್ಥೆಯನ್ನು ಸ್ಥಾಪಿಸಿದರು. ವಿಠಲ್ ಮಲ್ಯ ಅವರು 1947ರಲ್ಲಿ ಅದರ ನಿರ್ದೇಶಕರಾದ ಮೇಲಿನ ಬೆಳವಣಿಗೆ ಕರ್ನಾಟಕದ ಕೈಗಾರಿಕಾ ಇತಿಹಾಸದ ಒಂದು ಅಧ್ಯಾಯವೇ ಆಗಿದೆ. ಆದರೆ ಅದು ಬೃಹತ್ ಉದ್ದಿಮೆಯ ಕಥೆ. 2010ರ ಆಸುಪಾಸಿನಲ್ಲಿ ರಾಜ್ಯ ಸರ್ಕಾರವು ಮೈಕ್ರೊ ಬ್ರೂವರಿಗಳಿಗೆ ಅವಕಾಶ ನೀಡಿದಾಗ ಬೇರೊಂದು ಬಗೆಯ ಉದ್ದಿಮೆ ಹುಟ್ಟಿಕೊಂಡಿತು. ಇಂದಿರಾನಗರದ ಟಾಯ್ಟ್, ವಿಠಲ್ ಮಲ್ಯ ರಸ್ತೆಯ ಬಿಯರ್ ಕ್ಲಬ್ ಮೊದಲಾದವು ಹೋಟೆಲಿನ ಗಾಜಿನ ಗೋಡೆಯ ಹಿಂದೆಯೇ ಬಿಯರ್ ತಯಾರಿಸಿ, ಅಲ್ಲಿಯೇ ಗಿರಾಕಿಗೆ ಬಡಿಸುವ ಪದ್ಧತಿಯನ್ನು ಜನಪ್ರಿಯಗೊಳಿಸಿದವು. ಸ್ಥಳದಲ್ಲಿ ತಯಾರಿಕೆ, ಸ್ಥಳದಲ್ಲಿಯೇ ಮಾರಾಟ ಎಂಬುದು ಆ ನೀತಿಯ ತಳಹದಿಯಾಗಿತ್ತು.

ಇಂತಹ ಸಣ್ಣ ತಯಾರಕರಿಗೆ ಬಾಟಲಿಗಳಲ್ಲಿ ತುಂಬಿ ಅಂಗಡಿಗಳ ಮೂಲಕ ಮಾರಲು ಸುಲಭವಾದ ಪರವಾನಗಿ ದೊರೆಯಬೇಕೆಂಬ ಬೇಡಿಕೆ ಉದ್ದಿಮೆಯ ವಲಯದಲ್ಲಿ ಆಗಾಗ ಕೇಳಿಬರುತ್ತದೆ. ಬೇಡಿಕೆ ನ್ಯಾಯವಾದದ್ದೇ. ಬೆಂಗಳೂರಿನಲ್ಲಿ 2012ರಲ್ಲಿ ಹೆಸರು ಮಾಡತೊಡಗಿದ ಆರ್ಬರ್ ಬ್ರೂಯಿಂಗ್ ಕಂಪನಿ ತನ್ನ ಕ್ಯಾನ್ ಬಿಯರನ್ನು ಗೋವಾದಲ್ಲಿ ತಯಾರಿಸಲು ಹೊರಟದ್ದನ್ನು ನೋಡಿದರೆ, ಬಂಡವಾಳ ಅನುಕೂಲವಿದ್ದ ಕಡೆಗೆ ಹರಿಯುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಆದರೆ ಪರವಾನಗಿ ಈ ಸಮಸ್ಯೆಯ ಸಣ್ಣ ಭಾಗ ಮಾತ್ರ. ತುಂಬಿದ ಬಾಟಲಿಯನ್ನು ತಂಪಾಗಿ, ಬೇಗನೆ, ದಿನಾಂಕದ ಸಮೇತ ಗಿರಾಕಿಗೆ ತಲುಪಿಸುವ ವ್ಯವಸ್ಥೆ ಇಲ್ಲದೆ ಕೇವಲ ಪರವಾನಗಿ ಪಡೆದ ಸಣ್ಣ ಉದ್ದಿಮೆದಾರನು ನಷ್ಟಕ್ಕೆ ತಾನೇ ಬಾಗಿಲು ತೆರೆದಂತಾಗುತ್ತದೆ. ಮದ್ಯಪಾನದ ಒಳಿತು ಕೆಡುಕುಗಳ ಚರ್ಚೆ ಈ ಲೇಖನದ ವ್ಯಾಪ್ತಿಗೆ ಸೇರಿದ್ದಲ್ಲ. ಕಾನೂನುಬದ್ಧವಾದ ಒಂದು ಉದ್ದಿಮೆಯ ಆಯವ್ಯಯ ಮಾತ್ರ ಇಲ್ಲಿನ ವಿಷಯ.

ಟ್ಯಾಂಕಿನಿಂದ ಬಾಟಲಿಗೆ

ಹೋಟೆಲಿನಲ್ಲಿಯೇ ಬಡಿಸುವ ಬಿಯರ್, ತಣ್ಣಗಿರುವ ಉಕ್ಕಿನ ಟ್ಯಾಂಕಿನಿಂದ ಹೊರಟು ಕೆಲವೇ ಮೀಟರ್ ಕೊಳವೆಯಲ್ಲಿ ಹರಿದು ಗ್ಲಾಸಿಗೆ ಬೀಳುತ್ತದೆ. ಆ ದಾರಿಯಲ್ಲಿ ಅದಕ್ಕೆ ಗಾಳಿ, ಬೆಳಕು, ಶಾಖಗಳ ಸೋಂಕು ಬಹಳ ಕಡಿಮೆ. ಬಾಟಲಿಯ ವಿಷಯ ಹಾಗಲ್ಲ. ತುಂಬುವ ಕ್ಷಣದಲ್ಲಿ ಗಾಳಿ, ಅಂಗಡಿಯ ಗಾಜಿನ ಕಪಾಟಿನಲ್ಲಿ ಬೆಳಕು, ಲಾರಿ ಮತ್ತು ಗೋದಾಮುಗಳಲ್ಲಿ ಶಾಖ ಹೀಗೆ ಮೂರೂ ಸರದಿಯ ಮೇಲೆ ಅದನ್ನು ಎದುರುಗೊಳ್ಳುತ್ತವೆ.

ಮೊದಲನೆಯದು ಗಾಳಿಯಲ್ಲಿರುವ ಆಮ್ಲಜನಕ. ಬಿಯರ್ ಹುದುಗುವಾಗ ಯೀಸ್ಟ್ ಆಮ್ಲಜನಕವನ್ನು ಬಳಸಿಕೊಳ್ಳುತ್ತದೆ. ಹುದುಗು ಮುಗಿದ ಮೇಲೆ ಒಳಸೇರಿದ ಆಮ್ಲಜನಕ ಮಾತ್ರ ಶುದ್ಧ ಹಾನಿ. ಮೊದಲು ಹಾಪ್ಸ್ ಹೂವಿನ ಪರಿಮಳ ಮಾಸುತ್ತದೆ, ಬಣ್ಣ ಗಾಢವಾಗುತ್ತದೆ, ಕೊನೆಗೆ ಒದ್ದೆ ರಟ್ಟಿನ ವಾಸನೆ ಬರುತ್ತದೆ. ಉತ್ತಮ ಸಣ್ಣ ಬ್ರೂವರಿಗಳು ಮುಚ್ಚಿದ ಬಾಟಲಿಯಲ್ಲಿ ಒಟ್ಟು ಆಮ್ಲಜನಕದ ಪ್ರಮಾಣ ಶತಕೋಟಿಯಲ್ಲಿ 50 ಭಾಗಗಳಿಗಿಂತ ಕಡಿಮೆ ಇರುವಂತೆ ನೋಡಿಕೊಳ್ಳಲು ಯತ್ನಿಸುತ್ತವೆ. ಈ ಅಂಕಿಯ ಸೂಕ್ಷ್ಮತೆಯನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. 330 ಮಿಲಿಲೀಟರಿನ ಬಾಟಲಿಯ ಕತ್ತಿನಲ್ಲಿ ಕೇವಲ 1 ಮಿಲಿಲೀಟರ್ ಗಾಳಿ ಉಳಿದರೂ ಅದರಲ್ಲಿರುವ ಆಮ್ಲಜನಕ ಈ ಮಿತಿಯ ಹದಿನೈದು ಪಟ್ಟಿಗೂ ಹೆಚ್ಚಾಗುತ್ತದೆ.

ಆದ್ದರಿಂದಲೇ ಬಾಟ್ಲಿಂಗ್ ಯಂತ್ರವು ಬಾಟಲಿಯೊಳಗಿನ ಗಾಳಿಯನ್ನು ಹೀರಿ ತೆಗೆದು, ಇಂಗಾಲದ ಡೈ ಆಕ್ಸೈಡ್ ತುಂಬಿ, ಮತ್ತೊಮ್ಮೆ ಹೀರಿ, ಪುನಃ ಅನಿಲ ತುಂಬಿ, ಆ ಒತ್ತಡದಲ್ಲಿಯೇ ಬಿಯರನ್ನು ಇಳಿಸಬೇಕಾಗುತ್ತದೆ. ಮುಚ್ಚಳ ಒತ್ತುವ ಮುನ್ನ ಬಿಸಿನೀರಿನ ಸಣ್ಣ ಧಾರೆಯನ್ನು ಸಿಡಿಸಿ ನೊರೆ ಉಕ್ಕಿಸಲಾಗುತ್ತದೆ. ಕತ್ತಿನಲ್ಲಿದ್ದ ಗಾಳಿಯನ್ನು ಆ ನೊರೆಯೇ ಹೊರಗೆ ತಳ್ಳುತ್ತದೆ, ನೊರೆಯ ಮೇಲೆಯೇ ಮುಚ್ಚಳ ಕೂರುತ್ತದೆ. ಕೈಯಿಂದ ನಡೆಸುವ ಅಗ್ಗದ ಯಂತ್ರಗಳಲ್ಲಿ ಈ ಕ್ರಮಗಳು ಪೂರ್ಣವಾಗಿ ನಡೆಯುವುದಿಲ್ಲ. ಯಂತ್ರದ ಬೆಲೆಯಲ್ಲಿ ಉಳಿಸಿದ ಹಣವನ್ನು ಹಿಂದಿರುಗಿ ಬಂದ ಪೆಟ್ಟಿಗೆಗಳಲ್ಲಿ ಕಳೆದುಕೊಳ್ಳುವ ಸಾಧ್ಯತೆಯೇ ಹೆಚ್ಚು. ಯೋಜನಾ ವರದಿಗಳಲ್ಲಿ ಬಾಟ್ಲಿಂಗ್ ಘಟಕದ ಮೊತ್ತವನ್ನು ಕಡಿತಗೊಳಿಸಿ ಒಳಾಂಗಣ ಅಲಂಕಾರಕ್ಕೆ ಹೆಚ್ಚಿಸುವ ಪರಿಪಾಠ ಇದ್ದರೆ ಅದನ್ನು ಬ್ಯಾಂಕುಗಳೇ ಪ್ರಶ್ನಿಸಬೇಕು.

ಮುಚ್ಚಳದ ವಿಷಯ ಚಿಕ್ಕದೆನಿಸಿದರೂ ಹಾಗಲ್ಲ. ಅದರ ಒಳಮೈಯ ಪದರದ ಮೂಲಕ ಗಾಳಿ ದಿನವೂ ಅತ್ಯಲ್ಪವಾಗಿ ಒಳಸೇರುತ್ತಲೇ ಇರುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1980ರಲ್ಲಿ ಬಿಯರ್ ತಯಾರಿಕೆ ಆರಂಭಿಸಿದ ಸಿಯೆರಾ ನೆವಾಡ ಸಂಸ್ಥೆಯು 2007ರಲ್ಲಿ ಕೈಯಿಂದ ತಿರುಗಿಸಿ ತೆಗೆಯುವ ಮುಚ್ಚಳವನ್ನು ಕೈಬಿಟ್ಟು, ಓಪನರ್ ಬೇಕಾಗುವ ಮುಚ್ಚಳಕ್ಕೆ ಬದಲಾಯಿತು. ಗಿರಾಕಿಯ ಅನುಕೂಲ ಕಡಿಮೆಯಾಯಿತು, ಗಾಳಿಯ ತಡೆ ಹೆಚ್ಚಾಯಿತು. ಭಾರತದಲ್ಲಿ ಗುಜರಿಯಿಂದ ಬಂದ ಹಳೆಯ ಬಾಟಲಿಗಳನ್ನು ತೊಳೆದು ಮರುಬಳಕೆ ಮಾಡುವುದು ಬೃಹತ್ ಉದ್ದಿಮೆಯಲ್ಲಿ ರೂಢಿಯಲ್ಲಿದೆ. ಪರಿಸರದ ದೃಷ್ಟಿಯಿಂದ ಇದು ಸ್ವಾಗತಾರ್ಹ. ಆದರೆ ಬಾಯಂಚು ಕೂದಲೆಳೆಯಷ್ಟು ಚಕ್ಕೆ ಎದ್ದ ಬಾಟಲಿಯಲ್ಲಿ ಮುಚ್ಚಳ ಸರಿಯಾಗಿ ಕೂರುವುದಿಲ್ಲ ಎಂಬುದನ್ನು ಸಣ್ಣ ತಯಾರಕರು ಮರೆಯಬಾರದು.

ಬೆಳಕಿನ ಹಾನಿಗೆ ಕಂದು ಬಣ್ಣದ ಬಾಟಲಿ ಬಹುಮಟ್ಟಿನ ಪರಿಹಾರ; ಹಸಿರು ಬಾಟಲಿ ಅಷ್ಟು ತಡೆಯದು, ಬಿಳಿ ಗಾಜು ಏನನ್ನೂ ತಡೆಯದು. ಅಲ್ಯೂಮಿನಿಯಂ ಕ್ಯಾನಿನಲ್ಲಿ ಬೆಳಕಿನ ಪ್ರಶ್ನೆಯೇ ಇಲ್ಲ, ತೂಕವೂ ಕಡಿಮೆ, ಸಾಗಣೆ ವೆಚ್ಚವೂ ಕಡಿಮೆ. ಆದರೆ ಅಗಲ ಬಾಯಿಯ ಕ್ಯಾನಿಗೆ ತುಂಬುವಾಗ ಗಾಳಿ ಸೇರುವ ಅಪಾಯ ಹೆಚ್ಚು.

ಹಾಲಿನ ಉದಾಹರಣೆ

ಬೃಹತ್ ಉದ್ದಿಮೆಯ ಲಾಗರ್ ಬಿಯರ್ ತಿಂಗಳುಗಟ್ಟಲೆ ಗೋದಾಮಿನಲ್ಲಿರುವಾಗ ಕ್ರಾಫ್ಟ್ ಬಿಯರ್ ಏಕೆ ಇರಲಾರದು ಎಂಬ ಪ್ರಶ್ನೆ ಸಹಜ. ಇದಕ್ಕೆ ಕನ್ನಡ ನಾಡಿನ ಮನೆಮನೆಯಲ್ಲಿ ಉತ್ತರವಿದೆ. ನಂದಿನಿಯ ಪ್ಯಾಕೆಟ್ ಹಾಲು ಫ್ರಿಜ್ಜಿನಲ್ಲಿದ್ದರೆ ಒಂದೆರಡು ದಿನ ಬಾಳುತ್ತದೆ. ಅದೇ ನಂದಿನಿಯ ಗುಡ್‌ಲೈಫ್ ಹಾಲು ತೆರೆಯುವವರೆಗೆ ಹೊರಗಿಟ್ಟರೂ ಕೆಡುವುದಿಲ್ಲ. ಹಾಲು ಒಂದೇ, ಶಾಖದ ಸಂಸ್ಕರಣೆ ಬೇರೆ, ಪೊಟ್ಟಣ ಬೇರೆ, ರುಚಿಯಲ್ಲಿಯೂ ಸ್ವಲ್ಪ ವ್ಯತ್ಯಾಸವುಂಟು. ಲೂಯಿ ಪಾಶ್ಚರ್ ಅವರು ಬಿಯರ್ ಕುರಿತ ತಮ್ಮ ಸಂಶೋಧನೆಗಳನ್ನು 1876ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಇಂದು ಬೃಹತ್ ಬ್ರೂವರಿಗಳು ಮುಚ್ಚಿದ ಬಾಟಲಿಗಳನ್ನು ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನ ಸಿಂಪರಣೆಯಡಿ ಸಾಗಿಸಿ ಪಾಶ್ಚೀಕರಣ ಮಾಡುತ್ತವೆ. ಇದರಿಂದ ಯೀಸ್ಟ್, ಬ್ಯಾಕ್ಟೀರಿಯಾಗಳು ಸಾಯುತ್ತವೆ, ಬಿಯರ್ ಹುಳಿಯಾಗುವುದಿಲ್ಲ. ಹಾಗೆಂದು ಹಳಸುವುದು ನಿಲ್ಲುವುದಿಲ್ಲ; ಒಳಗೆ ಉಳಿದ ಆಮ್ಲಜನಕದ ಕೆಲಸ ಪಾಶ್ಚೀಕರಣದ ನಂತರವೂ ನಡೆದೇ ಇರುತ್ತದೆ. ಹಗುರ ರುಚಿಯ ಲಾಗರಿನಲ್ಲಿ, ಅದನ್ನು ಅತಿ ತಣ್ಣಗೆ ಕುಡಿಯುವ ಗಿರಾಕಿಗೆ ಅದು ಅಷ್ಟಾಗಿ ಗೊತ್ತಾಗುವುದಿಲ್ಲ, ಅಷ್ಟೆ.

ಬೆಂಗಳೂರಿನ ಗಿರಾಕಿಗಳು ಮೆಚ್ಚಿದ ಗೋಧಿ ಬಿಯರಿನಲ್ಲಿ ಯೀಸ್ಟ್ ಸೋಸದೆ ಉಳಿದಿರುತ್ತದೆ. ಅದರ ಬಾಳೆಹಣ್ಣು, ಲವಂಗದ ಪರಿಮಳವೇ ಅದರ ಆಕರ್ಷಣೆ. ಹಾಪ್ಸ್ ಪ್ರಧಾನವಾದ ಪೇಲ್ ಏಲ್‌ಗಳಲ್ಲಿ ಹಸಿ ಹೂವಿನ, ಹಣ್ಣಿನ ಪರಿಮಳಕ್ಕಾಗಿಯೇ ಗಿರಾಕಿ ಎರಡರಷ್ಟು ಬೆಲೆ ತೆರುತ್ತಾನೆ. ಮೊದಲು ಮಾಸುವುದು ಆ ಪರಿಮಳವೇ. 2020ರ ಲಾಕ್‌ಡೌನ್ ಸಂದರ್ಭದಲ್ಲಿ ಮೈಕ್ರೊ ಬ್ರೂವರಿಗಳ ಟ್ಯಾಂಕುಗಳಲ್ಲಿ ಉಳಿದುಹೋದ ಬಿಯರನ್ನು ಪಾತ್ರೆಗಳಲ್ಲಿ ಮನೆಗೆ ಕೊಂಡೊಯ್ಯಲು ರಾಜ್ಯ ಸರ್ಕಾರ ತಾತ್ಕಾಲಿಕ ಅನುಮತಿ ನೀಡಿತ್ತು. ನಲ್ಲಿಯಿಂದ ನೇರವಾಗಿ ಪಾತ್ರೆಗೆ ಹಿಡಿದ ಬಿಯರ್ ಕೆಲವೇ ದಿನಗಳ ಸರಕು. ನೀರಾ ಇಳಿಸುವವರಿಗೆ ಈ ಮಾತನ್ನು ಯಾರೂ ಹೇಳಿಕೊಡಬೇಕಾಗಿಲ್ಲ; ಬಿಸಿಲೇರಿದ ಮೇಲೆ ನೀರಾ ನೀರಾ ಆಗಿ ಉಳಿಯುವುದಿಲ್ಲವೆಂದು ಅವರು ಬಲ್ಲರು.

ಇಲ್ಲಿ ಒಂದು ಐತಿಹಾಸಿಕ ಆಕ್ಷೇಪಣೆ ಬರಬಹುದು. ಲಂಡನ್ನಿನ ಹಡಗುಕಟ್ಟೆಗಳಿಗೆ ಸಮೀಪದ ಬೋ ಬ್ರೂವರಿಯ ಹಾಡ್ಜ್‌ಸನ್ ಮನೆತನದವರು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಹಾಯಿ ಹಡಗುಗಳಲ್ಲಿ ಕಲ್ಕತ್ತೆಗೆ ಬಿಯರ್ ಕಳುಹಿಸುತ್ತಿದ್ದರಲ್ಲವೇ, ನಾಲ್ಕು ಆರು ತಿಂಗಳ ಪ್ರಯಾಣದಲ್ಲಿ ಎರಡು ಬಾರಿ ಸಮಭಾಜಕ ವೃತ್ತ ದಾಟಿ ಅದು ಬರುತ್ತಿತ್ತಲ್ಲವೇ ಎಂಬುದು ಆ ಆಕ್ಷೇಪಣೆ. ಬರುತ್ತಿತ್ತು ನಿಜ. ಆದರೆ ಆ ಬಿಯರನ್ನು ತಯಾರಿಸುವಾಗಲೇ ಹೆಚ್ಚು ಹಾಪ್ಸ್ ಹಾಕಿ, ಪೀಪಾಯಿಯಲ್ಲಿ ದೀರ್ಘಕಾಲ ಮಾಗಲೆಂದೇ ಬಿಡಲಾಗುತ್ತಿತ್ತು. ಪ್ರಯಾಣವೇ ಅದರ ತಯಾರಿಕೆಯ ಒಂದು ಹಂತವಾಗಿತ್ತು. ಅಂದಹಾಗೆ, ಹಾಡ್ಜ್‌ಸನ್ನರ ವ್ಯಾಪಾರ ಬೆಳೆದದ್ದಕ್ಕೆ ಬಿಯರಿನ ಗುಣವೊಂದೇ ಕಾರಣವಲ್ಲ. ಹಡಗಿನ ಕಪ್ತಾನರಿಗೆ ಅವರು ಕೊಡುತ್ತಿದ್ದ ದೀರ್ಘ ಅವಧಿಯ ಸಾಲವೂ ಕಾರಣವಾಗಿತ್ತೆಂಬುದನ್ನು ವಾಣಿಜ್ಯದ ವಿದ್ಯಾರ್ಥಿಗಳು ಗಮನಿಸಬಹುದು.

ಮೂರು, ಮೂವತ್ತು, ಮುನ್ನೂರು

ಶಾಖದ ಪರಿಣಾಮವನ್ನು ಅಂದಾಜಿಸಲು ಅಮೆರಿಕದ ಬ್ರೂವರಿಗಳಲ್ಲಿ ಒಂದು ಸ್ಥೂಲ ನಿಯಮ ಬಳಕೆಯಲ್ಲಿದೆ. 32 ಡಿಗ್ರಿ ಸೆಲ್ಸಿಯಸ್‌ನಲ್ಲಿ 3 ದಿನ ಇಟ್ಟ ಬಿಯರ್, 22 ಡಿಗ್ರಿಯಲ್ಲಿ 30 ದಿನ ಇಟ್ಟಷ್ಟೇ, 3 ಡಿಗ್ರಿಯಲ್ಲಿ 300 ದಿನ ಇಟ್ಟಷ್ಟೇ ಹಳಸಿರುತ್ತದೆ ಎಂಬುದು ಅದರ ಸಾರ. ಇದು ಪ್ರಯೋಗಾಲಯದ ನಿಖರ ಸೂತ್ರವಲ್ಲ, ಆಮ್ಲಜನಕದ ಪ್ರಮಾಣದ ಮೇಲೆ ವ್ಯತ್ಯಾಸವಾಗುತ್ತದೆ. ಆದರೂ ವ್ಯಾಪಾರದ ನಿರ್ಧಾರಗಳಿಗೆ ಸಾಕಷ್ಟು ಆಧಾರ ಒದಗಿಸುತ್ತದೆ.

ಈ ನಿಯಮವನ್ನು ಕರ್ನಾಟಕದ ನಕಾಶೆಯ ಮೇಲೆ ಇಟ್ಟು ನೋಡಬೇಕು. ಬೆಂಗಳೂರಿನಲ್ಲಿ ಡಿಸೆಂಬರ್ ತಿಂಗಳ ಗೋದಾಮು ಅಷ್ಟೇನೂ ಕ್ರೂರವಲ್ಲ. ಆದರೆ ಏಪ್ರಿಲ್ ತಿಂಗಳಲ್ಲಿ ಸುಮಾರು 600 ಕಿಲೋಮೀಟರ್ ದೂರದ ಕಲಬುರಗಿಗೆ ಟಾರ್ಪಾಲು ಹೊದಿಸಿದ ಸಾಮಾನ್ಯ ಲಾರಿಯಲ್ಲಿ ಹೊರಟ ಬಿಯರಿನ ಗತಿ ಏನು? ಹೊರಗೆ 40 ಡಿಗ್ರಿ ದಾಟಿರುತ್ತದೆ, ಟಾರ್ಪಾಲಿನ ಒಳಗೆ ಇನ್ನೂ ಹೆಚ್ಚು. ಶನಿವಾರ ಸಂಜೆ ಊರು ಮುಟ್ಟಿ ಸೋಮವಾರದವರೆಗೆ ಇಳಿಸದೆ ನಿಂತ ಒಂದು ಲಾರಿಯಲ್ಲಿ, ತಣ್ಣನೆಯ ಕೋಣೆಯಲ್ಲಿ ಆರು ತಿಂಗಳು ಬಾಳಬಹುದಾಗಿದ್ದ ಸರಕು ಮುಪ್ಪಾಗಿರುತ್ತದೆ. ಬಾಟಲಿಯ ಮೇಲೆ ಆರು ತಿಂಗಳೆಂದು ಮುದ್ರಿಸಿದ್ದರೆ ಗಿರಾಕಿಗೆ ಅದರ ಸುಳಿವೂ ಸಿಗುವುದಿಲ್ಲ. ಬಾಟಲಿ ಸುಂದರವಾಗಿದೆ, ದಿನಾಂಕ ಮೀರಿಲ್ಲ, ರುಚಿ ಮಾತ್ರ ಇಲ್ಲ. ಆತ ದೂರು ಕೊಡುವುದಿಲ್ಲ. ಮತ್ತೆ ಕೊಳ್ಳುವುದಿಲ್ಲ. ಲೆಕ್ಕಪುಸ್ತಕದಲ್ಲಿ ಎಲ್ಲಿಯೂ ನಮೂದಾಗದ ನಷ್ಟ ಇದು.

ಅಂಗಡಿಯ ಮಟ್ಟದಲ್ಲಿಯೂ ಕಷ್ಟಗಳಿವೆ. ಸಿಎಲ್-2 ಮಳಿಗೆಯ ಫ್ರಿಜ್ಜಿನಲ್ಲಿ ಬೇಗ ಖರ್ಚಾಗುವ ಬ್ರ್ಯಾಂಡಿಗೆ ಮೊದಲ ಸ್ಥಾನ. ತಿಂಗಳಿಗೆ ನಾಲ್ಕು ಪೆಟ್ಟಿಗೆ ಹೋಗುವ ಹೊಸ ಬ್ರ್ಯಾಂಡ್ ಹೊರಗಿನ ಕಪಾಟಿನಲ್ಲಿ ಟ್ಯೂಬ್‌ಲೈಟಿನ ಕೆಳಗೆ ನಿಲ್ಲುತ್ತದೆ. ವ್ಯಾಪಾರಿಯ ದೃಷ್ಟಿಯಿಂದ ಅದು ತಪ್ಪೆನ್ನಲಾಗದು.

ದೂರವನ್ನು ತಾನಾಗಿಯೇ ಮಿತಿಗೊಳಿಸಿಕೊಂಡ ಕಂಪನಿಗಳ ಉದಾಹರಣೆ ಇಲ್ಲದಿಲ್ಲ. ಅಮೆರಿಕದ ಕೊಲರಾಡೊದ ಕೂರ್ಸ್ ಕಂಪನಿ 1959ರಲ್ಲಿ ಪಾಶ್ಚೀಕರಣವನ್ನು ಕೈಬಿಟ್ಟಿತು. ತನ್ನ ಬಿಯರ್ ಉದ್ದಕ್ಕೂ ತಂಪಾಗಿಯೇ ಸಾಗಬೇಕೆಂಬ ಪಟ್ಟು ಹಿಡಿದ ಅದು 1970ರ ದಶಕದ ಮಧ್ಯದವರೆಗೂ ಪಶ್ಚಿಮದ 11 ರಾಜ್ಯಗಳಲ್ಲಿ ಮಾತ್ರ ಮಾರಾಟ ಮಾಡಿತು. ಮಿಸಿಸಿಪ್ಪಿ ನದಿಯ ಪೂರ್ವಕ್ಕೆ ಅದು ಹೋದದ್ದು 1981ರಲ್ಲಿ. ಅದು ಬೃಹತ್ ಕಂಪನಿ, ಅದಕ್ಕೆ ಹಣದ ಕೊರತೆ ಇರಲಿಲ್ಲ. ಮೇಲೆ ಹೇಳಿದ ಸಿಯೆರಾ ನೆವಾಡ ಸಂಸ್ಥೆಯು ದೇಶದ ಇನ್ನೊಂದು ತುದಿಗೆ ಲಾರಿಗಳನ್ನು ಓಡಿಸುವುದರ ಬದಲು 2014ರಲ್ಲಿ ಉತ್ತರ ಕ್ಯಾರೊಲಿನಾದ ಮಿಲ್ಸ್ ರಿವರ್‌ನಲ್ಲಿ ಎರಡನೆಯ ಬ್ರೂವರಿಯನ್ನೇ ಕಟ್ಟಿತು. ಬೋಸ್ಟನ್ ಬಿಯರ್ ಕಂಪನಿಯ ದಾರಿ ಬೇರೆ. ಅದರ ವಿತರಕರು ಮೂರರಿಂದ ಐದು ವಾರಗಳ ಬಾಟಲಿ ದಾಸ್ತಾನನ್ನು ಸಾಮಾನ್ಯ ಉಷ್ಣತೆಯ ಗೋದಾಮುಗಳಲ್ಲಿ ಇಟ್ಟುಕೊಳ್ಳುವ ರೂಢಿ ಇತ್ತು. ಕಂಪನಿಯು 2010ರಲ್ಲಿ ಆರಂಭಿಸಿದ ಯೋಜನೆಯ ಮೂಲಕ ಅದನ್ನು ಇಳಿಸುವ ಗುರಿ ಇಟ್ಟುಕೊಂಡಿತು. ವಿತರಕನ ಗೋದಾಮಿನಲ್ಲಿ ಕಡಿಮೆಯಾದ ದಾಸ್ತಾನನ್ನು ಕಂಪನಿಯೇ ತನ್ನ ಬಳಿ ಹಿಡಿಯಬೇಕಾಗುತ್ತದೆ, ಅಂದರೆ ತಾಜಾತನದ ಖರ್ಚು ತಯಾರಕನ ದುಡಿಯುವ ಬಂಡವಾಳಕ್ಕೆ ಬೀಳುತ್ತದೆ. ಅದನ್ನು ಅರಿತೇ ಕಂಪನಿ ಈ ಕೆಲಸಕ್ಕೆ ಕೈಹಾಕಿತು.

ಲೆಕ್ಕಪುಸ್ತಕದಲ್ಲಿ ತಾಜಾತನ

ಒಂದು ಕಾಲ್ಪನಿಕ ಲೆಕ್ಕವನ್ನು ತೆಗೆದುಕೊಳ್ಳಬಹುದು. ಒಂದು ಪೆಟ್ಟಿಗೆ ಬಿಯರಿನ ಒಟ್ಟು ತಯಾರಿಕಾ ವೆಚ್ಚ 1,200 ರೂಪಾಯಿ, ಸುಂಕ ಕಳೆದು ತಯಾರಕನಿಗೆ ದೊರೆಯುವ ಬೆಲೆ 1,500 ರೂಪಾಯಿ ಎಂದಿರಲಿ. ನೂರು ಪೆಟ್ಟಿಗೆಗಳೂ ಮಾರಾಟವಾದರೆ ಲಾಭ 30,000 ರೂಪಾಯಿ. ಹಳಸಿತೆಂದು 5 ಪೆಟ್ಟಿಗೆ ಹಿಂದಿರುಗಿದರೆ ಲಾಭ 22,500 ರೂಪಾಯಿಗೆ ಇಳಿಯುತ್ತದೆ. 10 ಪೆಟ್ಟಿಗೆ ಹಿಂದಿರುಗಿದರೆ 15,000, ಅಂದರೆ ನೇರ ಅರ್ಧ. 20 ಪೆಟ್ಟಿಗೆ ಹಿಂದಿರುಗಿದರೆ ಶೂನ್ಯ. ಹಿಂದಿರುಗಿ ತರುವ ಬಾಡಿಗೆ, ಚೆಲ್ಲುವ ಖರ್ಚು, ಆ ಪೆಟ್ಟಿಗೆಗಳ ಮೇಲೆ ಈಗಾಗಲೇ ಕಟ್ಟಿದ ಸುಂಕ ಇವನ್ನು ಇಲ್ಲಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಹತ್ತಕ್ಕೆ ಒಂದು ಪೆಟ್ಟಿಗೆ ಹಳಸುವುದು ಹೊಸ ಬ್ರ್ಯಾಂಡಿನ ಮೊದಲ ಬೇಸಗೆಯಲ್ಲಿ ಅಸಂಭವವೇನಲ್ಲ. ಇದೇ ಲೆಕ್ಕದಲ್ಲಿ ಶೀತಲ ಲಾರಿಗೆ ಪೆಟ್ಟಿಗೆಗೆ 60 ರೂಪಾಯಿ ಹೆಚ್ಚು ತೆತ್ತು ಹಿಂದಿರುಗುವಿಕೆಯನ್ನು ಹತ್ತರಿಂದ ಎರಡಕ್ಕೆ ಇಳಿಸಿದರೆ, ಹೆಚ್ಚುವರಿ ಖರ್ಚು 6,000 ರೂಪಾಯಿ, ಉಳಿತಾಯ 12,000 ರೂಪಾಯಿ. ಶೀತಲ ಸಾಗಣೆ ದುಬಾರಿ ಎನ್ನುವವರು ಈ ಎರಡನೆಯ ಅಂಕಿಯನ್ನು ಬರೆದು ನೋಡಿರುವುದಿಲ್ಲ.

ತೆರಿಗೆಯ ವಿಷಯದಲ್ಲಿ ಈ ಉದ್ದಿಮೆಗೆ ಇನ್ನೊಂದು ಹೊರೆ ಇದೆ. ಮಾನವ ಸೇವನೆಯ ಮದ್ಯ ಸರಕು ಮತ್ತು ಸೇವಾ ತೆರಿಗೆಯ ವ್ಯಾಪ್ತಿಯಿಂದ ಹೊರಗಿದೆ. ಅಬಕಾರಿ ಸುಂಕ, ಮಾರಾಟದ ಮೇಲಿನ ತೆರಿಗೆ ರಾಜ್ಯಗಳಿಗೆ ಸೇರಿದ್ದು. ಆದರೆ ಖಾಲಿ ಬಾಟಲಿ, ಮುಚ್ಚಳ, ಲೇಬಲ್, ಯಂತ್ರ, ಶೀತಲ ಗೋದಾಮಿನ ಉಪಕರಣ ಇವೆಲ್ಲಕ್ಕೂ ಜಿಎಸ್‌ಟಿ ಉಂಟು, ಅದರ ಹೂಡುವಳಿ ತೆರಿಗೆ ಜಮೆ ಬಿಯರ್ ತಯಾರಕನಿಗೆ ದೊರೆಯುವುದಿಲ್ಲ. ಬಿಸ್ಕತ್ ತಯಾರಕನು ಮರಳಿ ಪಡೆಯುವ ತೆರಿಗೆ ಇವನಿಗೆ ವೆಚ್ಚವಾಗಿಯೇ ಉಳಿಯುತ್ತದೆ. ಹಾಗಾಗಿ ತಾಜಾತನಕ್ಕಾಗಿ ಮಾಡುವ ಪ್ರತಿಯೊಂದು ಹೂಡಿಕೆಯೂ ಈ ಉದ್ದಿಮೆಯಲ್ಲಿ ಉಳಿದವಕ್ಕಿಂತ ದುಬಾರಿ. ಇನ್ನು ಸುಂಕದ ದರಗಳೋ, ಏರುಮುಖವಾಗಿವೆ. 2023ರ ಜುಲೈ ಬಜೆಟ್ಟಿನಲ್ಲಿ ಕರ್ನಾಟಕವು ಬಿಯರ್ ಮೇಲಿನ ಹೆಚ್ಚುವರಿ ಅಬಕಾರಿ ಸುಂಕವನ್ನು ಶೇಕಡಾ 175ರಿಂದ 185ಕ್ಕೆ ಏರಿಸಿತು, ಆ ನಂತರವೂ ಪರಿಷ್ಕರಣೆಗಳಾದವು. ಸುಂಕ ಹೆಚ್ಚಾದಷ್ಟೂ ಚರಂಡಿಗೆ ಚೆಲ್ಲಿದ ಬಾಟಲಿಯ ಜೊತೆ ಹರಿದುಹೋಗುವ ಹಣ ಹೆಚ್ಚು.

ಪರವಾನಗಿಯಲ್ಲಿ ಕಳೆಯುವ ದಿನಗಳು

ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಬಿಯರ್ ಕಳುಹಿಸುವುದು ಒಂದು ದೇಶದಿಂದ ಇನ್ನೊಂದಕ್ಕೆ ಕಳುಹಿಸಿದಂತೆಯೇ ಎಂದು ಉದ್ದಿಮೆದಾರರು ಹೇಳುವುದು ಅತಿಶಯೋಕ್ತಿಯಲ್ಲ. ಕಳುಹಿಸುವ ರಾಜ್ಯದ ಅನುಮತಿ ಬೇಕು, ಪಡೆಯುವ ರಾಜ್ಯದ ಅನುಮತಿ ಬೇಕು, ಪ್ರತಿಯೊಂದು ರಾಜ್ಯದಲ್ಲಿಯೂ ಲೇಬಲ್ ನೋಂದಣಿ ಪ್ರತ್ಯೇಕ. ಕರ್ನಾಟಕದ ಅಬಕಾರಿ ವರ್ಷ ಜುಲೈಯಿಂದ ಜೂನ್‌ವರೆಗೆ. ಬೇರೆ ಹಲವು ರಾಜ್ಯಗಳಲ್ಲಿ ಅದು ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ನವೀಕರಣದ ಕಡತ ಮೇಜಿನಿಂದ ಮೇಜಿಗೆ ಸಾಗುವಾಗ ಗೋದಾಮಿನಲ್ಲಿರುವ ಬಾಟಲಿಯ ಆಯುಷ್ಯ ಸವೆಯುತ್ತಿರುತ್ತದೆ.

ಬಿರಾ 91 ಬ್ರ್ಯಾಂಡಿನ ತಯಾರಕರಾದ ಬಿ9 ಬೆವರೇಜಸ್ ಕಂಪನಿಯ ಪ್ರಕರಣ ಈ ಮಾತಿಗೆ ಎಲ್ಲರ ಕಣ್ಣೆದುರಿನ ದೃಷ್ಟಾಂತ. 2015ರಲ್ಲಿ ಮಾರುಕಟ್ಟೆಗೆ ಬಂದ ಈ ಬ್ರ್ಯಾಂಡ್ ಕೆಲವೇ ವರ್ಷಗಳಲ್ಲಿ ನಗರಗಳ ಯುವಜನರ ಮನ ಗೆದ್ದಿತ್ತು. ಷೇರು ಮಾರುಕಟ್ಟೆ ಪ್ರವೇಶದ ಸಿದ್ಧತೆಯಲ್ಲಿ ಕಂಪನಿಯು ತನ್ನ ಹೆಸರಿನಿಂದ ‘ಪ್ರೈವೇಟ್’ ಎಂಬ ಒಂದು ಪದವನ್ನು ಕೈಬಿಟ್ಟಿತು. ಕಂಪನಿ ಕಾನೂನಿನ ದೃಷ್ಟಿಯಲ್ಲಿ ಅದು ಕೆಲವು ಫಾರಂಗಳ ಕೆಲಸ. ಆದರೆ ಲೇಬಲ್ಲಿನ ಮೇಲೆ ತಯಾರಕರ ಹೆಸರು ಬದಲಾದ್ದರಿಂದ ರಾಜ್ಯ ರಾಜ್ಯಗಳಲ್ಲಿ ಹೊಸದಾಗಿ ನೋಂದಣಿ ಮಾಡಿಸಬೇಕಾಯಿತು. ತಿಂಗಳುಗಟ್ಟಲೆ ಮಾರಾಟ ನಿಂತಿತು. ಸುಮಾರು 80 ಕೋಟಿ ರೂಪಾಯಿಗಳ ದಾಸ್ತಾನನ್ನು ಲೆಕ್ಕದಿಂದ ತೆಗೆದುಹಾಕಬೇಕಾಯಿತೆಂದು ಪತ್ರಿಕೆಗಳಲ್ಲಿ ವರದಿಯಾಯಿತು. 2023-24ರ ಹಣಕಾಸು ವರ್ಷದಲ್ಲಿ ಅದರ ನಷ್ಟ ವಹಿವಾಟನ್ನೂ ಮೀರಿತು. ನಷ್ಟಕ್ಕೆ ಬೇರೆ ಕಾರಣಗಳೂ ಇದ್ದವೆನ್ನಿ. ಆದರೂ ಟೈಲ್ಸ್ ತಯಾರಿಸುವ ಕಂಪನಿಗೆ ಇದೇ ಹೆಸರು ಬದಲಾವಣೆಯಾಗಿದ್ದರೆ ದಾಸ್ತಾನು ಕಾಯ್ದುಕೊಂಡು ಕುಳಿತಿರುತ್ತಿತ್ತು. ಕಂಪನಿ ಕಾರ್ಯದರ್ಶಿಗಳು, ಲೆಕ್ಕಪರಿಶೋಧಕರು ಇಂತಹ ಉದ್ದಿಮೆಗಳಿಗೆ ಸಲಹೆ ನೀಡುವಾಗ ದಾಸ್ತಾನಿನ ಆಯುಷ್ಯವನ್ನು ಮೊದಲು ಕೇಳಿ, ಆಮೇಲೆ ಫಾರಂ ಸಲ್ಲಿಸುವ ದಿನಾಂಕವನ್ನು ನಿಗದಿ ಮಾಡುವುದು ಒಳಿತು.

ವಾಣಿಜ್ಯ ಸಂಸ್ಥೆಗಳು ಸರ್ಕಾರದ ಮುಂದಿಡುವ ಮನವಿಯಲ್ಲಿ ಈ ಕಾರಣಕ್ಕಾಗಿ ಪರವಾನಗಿಯ ಜೊತೆಗೆ ಇನ್ನೂ ಕೆಲವು ಅಂಶಗಳು ಸೇರಬೇಕಾಗಿವೆ. ಕರ್ನಾಟಕದಲ್ಲಿ ಮದ್ಯದ ಸಗಟು ವಿತರಣೆಗಾಗಿ ರಾಜ್ಯ ಪಾನೀಯ ನಿಗಮವು 2003ರಲ್ಲಿ ಸ್ಥಾಪನೆಯಾಯಿತು. ಅದರ ಡಿಪೊಗಳ ವ್ಯವಸ್ಥೆಯಿಂದ ಸುಂಕ ಸೋರಿಕೆ ತಡೆಯುವುದು ಸುಲಭವಾಯಿತೆಂಬುದನ್ನು ಒಪ್ಪಬೇಕು. ಆದರೆ ಈ ವ್ಯವಸ್ಥೆ ರೂಪುಗೊಂಡದ್ದು ವಿಸ್ಕಿ, ರಮ್, ಪಾಶ್ಚೀಕೃತ ಲಾಗರ್‌ಗಳನ್ನು ಗಮನದಲ್ಲಿಟ್ಟುಕೊಂಡು. ಪಾಶ್ಚೀಕರಿಸದ ಬಿಯರಿಗೆ ಪ್ರಮುಖ ಡಿಪೊಗಳಲ್ಲಿ ಒಂದೊಂದು ಶೀತಲ ಕೋಣೆಯನ್ನಾದರೂ, ಬಾಡಿಗೆ ತೆತ್ತು ಬಳಸುವ ಷರತ್ತಿನ ಮೇಲೆ, ಒದಗಿಸಬೇಕು. ಅದು ಸಾಧ್ಯವಾಗದಿದ್ದಲ್ಲಿ ಡಿಪೊದ ದಾಖಲೆಗಳ ಮೂಲಕವೇ ಬಿಲ್ಲು, ಸುಂಕ ಎಲ್ಲವೂ ನಡೆದು, ಸರಕು ಮಾತ್ರ ಬ್ರೂವರಿಯ ಶೀತಲ ಲಾರಿಯಿಂದ ನೇರವಾಗಿ ಅಂಗಡಿಗೆ ಇಳಿಯಲು ಅವಕಾಶವಿರಬೇಕು. ಎರಡನೆಯ ಸಲಹೆಯೇ ಕಾರ್ಯಸಾಧ್ಯವೆಂದು ತೋರುತ್ತದೆ. ಸರ್ಕಾರಕ್ಕೆ ಅದರಲ್ಲಿ ಖರ್ಚಿಲ್ಲ. ಹಳಸಿದ ಸರಕನ್ನು ಅಬಕಾರಿ ಅಧಿಕಾರಿಯ ಸಮಕ್ಷಮ ಚೆಲ್ಲಿ, ಕಟ್ಟಿದ ಸುಂಕವನ್ನು ಮುಂದಿನ ತಿಂಗಳ ಸುಂಕದಲ್ಲಿ ಹೊಂದಿಸಿಕೊಳ್ಳುವ ಕಾಲಮಿತಿಯ ವಿಧಾನವೂ ಬೇಕು. ಇಲ್ಲವಾದರೆ ಹಳಸಿದ್ದನ್ನು ರಿಯಾಯಿತಿಯಲ್ಲಿ ಮಾರಿಬಿಡುವ ಆಮಿಷ ಎಂತಹ ಸಣ್ಣ ತಯಾರಕನಿಗೂ ಬರುತ್ತದೆ, ಆ ಬಾಟಲಿ ಅವನ ಹೆಸರನ್ನೇ ಕೆಡಿಸುತ್ತದೆ.

ಉದ್ದಿಮೆದಾರರ ಪಾಲಿಗೂ ಕೆಲಸವಿದೆ. ಬಾಟಲಿಗೆ ಮೊದಲು ಕೆಗ್‌ಗಳಿಂದ ಆರಂಭಿಸುವುದು ಲೇಸು. ಉಕ್ಕಿನ ಕೆಗ್‌ಗೆ ಬೆಳಕು ತಾಗದು, ಗಾಳಿ ಸೇರದು, ಅದನ್ನು ಕೊಳ್ಳುವ ಬಾರ್‌ನಲ್ಲಿ ತಣ್ಣಗಿಡುವ ಏರ್ಪಾಡು ಇದ್ದೇ ಇರುತ್ತದೆ, ಖಾಲಿಯಾದ ಮೇಲೆ ಮರಳಿ ಬರುತ್ತದೆ. ಕಾನೂನು ಅದಕ್ಕೆ ಎಷ್ಟು ಅವಕಾಶ ಕೊಡುತ್ತದೋ ಅಷ್ಟನ್ನು ಪೂರ್ತಿ ಬಳಸಿಕೊಂಡ ನಂತರ ಬಾಟಲಿಯ ಯೋಚನೆ ಮಾಡಬಹುದು. ಬಾಟಲಿಗೆ ಇಳಿದ ಮೇಲೆ ಮೊದಲ ಎರಡು ವರ್ಷ ಬೆಂಗಳೂರು, ಮೈಸೂರು, ತುಮಕೂರು ಇಷ್ಟರಲ್ಲಿಯೇ ಉಳಿಯುವುದು ಹೇಡಿತನವಲ್ಲ. ಒಂದು ಲಾರಿ ಬೆಳಿಗ್ಗೆ ಹೊರಟು ಸಂಜೆಗೆ ಹಿಂದಿರುಗುವಷ್ಟು ದೂರವನ್ನು ಮಾರುಕಟ್ಟೆಯ ಗಡಿಯೆಂದು ಭಾವಿಸಿದರೆ ಸಾಕು. ಬಾಟಲಿಗೆ ತುಂಬಿದ ದಿನಾಂಕವನ್ನು ಗಿರಾಕಿ ಓದಬಲ್ಲಷ್ಟು ದೊಡ್ಡದಾಗಿ ಮುದ್ರಿಸುವುದಕ್ಕೆ ಯಾವ ಕಾನೂನೂ ಅಡ್ಡಿಯಿಲ್ಲ. ಕ್ಯಾಲಿಫೋರ್ನಿಯಾದ ಸ್ಟೋನ್ ಬ್ರೂಯಿಂಗ್ ಕಂಪನಿಯು 2012ರಲ್ಲಿ, ಇಂತಹ ದಿನದೊಳಗೆ ಕುಡಿದು ಮುಗಿಸಿ ಎಂಬ ದಿನಾಂಕವನ್ನೇ ಒಂದು ಬಿಯರಿನ ಹೆಸರಾಗಿಸಿ ಸುಮಾರು ಐದು ವಾರಗಳ ಗಡುವಿನಲ್ಲಿ ಮಾರಿತು. ಗಡುವು ಮೀರಿದ ಬಾಟಲಿಯನ್ನು ಅಂಗಡಿಯಾತ ಮುಚ್ಚಿಡುವಂತೆಯೇ ಇರಲಿಲ್ಲ.

ಲೆಕ್ಕಪರಿಶೋಧನೆಯ ದೃಷ್ಟಿಯಿಂದ ಇನ್ನೊಂದು ವಿಷಯ ಉಳಿದಿದೆ. ದಾಸ್ತಾನನ್ನು ತಯಾರಿಕಾ ವೆಚ್ಚ ಅಥವಾ ವಸೂಲಾಗಬಹುದಾದ ನಿವ್ವಳ ಮೌಲ್ಯ, ಇವೆರಡರಲ್ಲಿ ಕಡಿಮೆ ಇರುವುದಕ್ಕೆ ಬೆಲೆಕಟ್ಟಬೇಕೆಂದು ಅಕೌಂಟಿಂಗ್ ಸ್ಟ್ಯಾಂಡರ್ಡ್ 2 ಹೇಳುತ್ತದೆ. ಬೇಸಗೆಯ ಬೇಡಿಕೆಗಾಗಿ ಜಮಾಯಿಸಿದ ಬಿಯರ್ ದಾಸ್ತಾನು ಮಾರ್ಚ್ 31ರಂದು ಹೆಚ್ಚಿನ ಮಟ್ಟದಲ್ಲಿರುತ್ತದೆ, ಹೊರಗಿನ ಶಾಖವೂ ಏರುತ್ತಿರುತ್ತದೆ. ಹಾಗಿದ್ದೂ ಸಣ್ಣ ಉದ್ದಿಮೆಗಳ ದಾಸ್ತಾನು ಪಟ್ಟಿಯಲ್ಲಿ ಸಾಮಾನ್ಯವಾಗಿ ಪೆಟ್ಟಿಗೆಗಳ ಸಂಖ್ಯೆ, ದರ, ಮೊತ್ತ ಎಂಬ ಮೂರೇ ಕಾಲಂಗಳು ಇರುತ್ತವೆ. ಇನ್ನೆರಡು ಕಾಲಂ ಸೇರಿಸಬೇಕು: ಬಾಟಲಿಗೆ ತುಂಬಿದ ದಿನಾಂಕ, ಮತ್ತು ಅಂದಿನಿಂದ ಸರಕು ಇದ್ದ ಸ್ಥಳದ ಉಷ್ಣತೆ. ಎರಡನೆಯದನ್ನು ಬರೆಯಲು ಗೋದಾಮಿನ ಗೋಡೆಗೊಂದು ಉಷ್ಣಮಾಪಕ ತೂಗುಹಾಕಿ, ದಿನಕ್ಕೆರಡು ಬಾರಿ ಓದಿ ಬರೆಯುವ ಒಬ್ಬ ಗುಮಾಸ್ತನಿದ್ದರೆ ಸಾಲದೆ?